ಕಬ್ಬಿಣ ಮುಟ್ಟದವನ ಪಡಿಪಾಟಲು

ನಮ್ಮ ಕೆಲಸದಲ್ಲಿ ಎಡವಟ್ಟಿಲ್ಲದೆ ಮುಗಿದ ದಿನ ಯಾವುದೆಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಕಾಂತಮಾಪಕ ಎಂಬ ಯಂತ್ರ ಹೊತ್ತು ಹೊಲ, ಗುಡ್ಡ ಸುತ್ತುವುದು, ನೆಲದ ಕಾಂತಶಕ್ತಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಅಳೆಯುವುದು, ಕೆಳಗೆ ಖನಿಜ ಇದ್ದೀತೇ ಎಂದು ಊಹಿಸುವುದು. ಇಷ್ಟೇ ಕೆಲಸ. ನಾನು ಗುತ್ತಿಗೆ ನೌಕರ. ಈ ಸಲ ನಮ್ಮ ದೊಡ್ಡ ಸಾಹೇಬರು ಬೆಂಗಳೂರಿನಿಂದ ಫೋನು ಮಾಡಿ ಹೇಳಿಯೇಬಿಟ್ಟಿದ್ದರು: "ಕಿತ್ತೂರಿನಿಂದ ರಾಮದುರ್ಗದವರೆಗೆ ಎಲ್ಲಾದರೂ ಏನಾದರೂ ಕಂಡರೆ ಮುಂದುವರಿಸೋಣ. ಇಲ್ಲದಿದ್ದರೆ ಕ್ಯಾಂಪ್ ಬಂದ್." ಕ್ಯಾಂಪ್ ಬಂದ್ ಎಂದರೆ ನಾನೂ ಬಂದ್. ಹೆಂಡತಿಗೆ ಈ ಮಾತು ಹೇಳುವ ಧೈರ್ಯ ನನಗಿರಲಿಲ್ಲ.

೧. ಬೆಲ್ಟ್ ಇಲ್ಲದ ಮನುಷ್ಯ

ಯಂತ್ರದ ಹತ್ತಿರ ಕಬ್ಬಿಣ ಸುಳಿಯಬಾರದು. ಸುಳಿದರೆ ಅಳತೆ ಕೆಟ್ಟಿತು. ಹಾಗಾಗಿ ಬೆಲ್ಟು, ಕೀಲಿಕೈ, ಕೈಗಡಿಯಾರ, ಮೊಬೈಲು ಎಲ್ಲ ರೂಮಿನಲ್ಲೇ. ಪ್ಯಾಂಟು ಜಾರದಂತೆ ಸೊಂಟಕ್ಕೆ ಸೆಣಬಿನ ಹುರಿ. ಈ ಅವತಾರದಲ್ಲಿ ಒಂದು ಬೆಳಿಗ್ಗೆ ಕಿತ್ತೂರಿನ ಹೈವೇ ಪಕ್ಕದ ಚಹಾದಂಗಡಿಗೆ ಹೋದೆ. ಅಂಗಡಿಯವರು ನನ್ನ ಸೊಂಟವನ್ನೇ ನೋಡುತ್ತಿದ್ದರು.

"ಮೊಬೈಲ್ ಇಲ್ಲೇನ್ರಿ?"

"ಇಲ್ರಿ."

"ವಾಚೂ ಇಲ್ಲ?"

"ಕಟಗೋಬಾರದ್ರಿ."

ಅವರು ದನಿ ತಗ್ಗಿಸಿದರು. "ಮನ್ಯಾಗ ಏನರ ಜಗಳಾ ಆತೇನ್ರಿ?"

"ಛೇ, ಇಲ್ರಿ. ನಾ ಭೂಮಿಯ ಕಾಂತಶಕ್ತಿ ಅಳೀಲಿಕ್ಕೆ ಬಂದೇನಿ."

ಅವರು ನಿಟ್ಟುಸಿರು ಬಿಟ್ಟು ಒಳಗೆ ಕೂಗಿದರು: "ಇವರಿಗೆ ಇನ್ನೆರಡು ಮಿರ್ಚಿ ಭಜಿ ಕೊಡೋ. ರೊಕ್ಕಾ ಕೇಳಬ್ಯಾಡ, ಪಾಪ."

೨. ಏನರ ಸಿಕ್ತೇನ್ರಿ?

ನಾನು ರೂಮು ಹಿಡಿದಿದ್ದು ಬೈಲಹೊಂಗಲದಲ್ಲಿ. ಮನೆ ಮಾಲಕರು ದಿನಾ ಸಂಜೆ ಕಟ್ಟೆಯ ಮೇಲೆ ಕುಂತು ಕೇಳುತ್ತಿದ್ದರು, "ಇವತ್ತೇನರ ಸಿಕ್ತೇನ್ರಿ?" ಕಿತ್ತೂರು ಮುಗಿಯಿತು, ಏನೂ ಸಿಕ್ಕಿರಲಿಲ್ಲ. ಬೈಲಹೊಂಗಲ ಮುಗಿಯಿತು, ಅಲ್ಲೂ ಇಲ್ಲ. ದಿನಾ ಅದೇ "ಇಲ್ರಿ" ಹೇಳಿ ಹೇಳಿ ನನಗೆ ಅಳು ಬರುವುದೊಂದು ಬಾಕಿ. ಒಂದು ದಿನ ಅವರು ನನ್ನನ್ನು ಪಕ್ಕಕ್ಕೆ ಕೂಡ್ರಿಸಿಕೊಂಡರು.

"ಏನೂ ಸಿಗದಿದ್ರೂ ಪಗಾರ ಕೊಡತಾರೇನ್ರಿ?"

"ಸದ್ಯಕ್ಕ ಕೊಡಾಕತ್ತಾರ್ರಿ."

"ಹಂಗಿದ್ರ ನಮ್ಮ ಅಳಿಯಾಗೂ ಅಲ್ಲೇ ಒಂದು ಕೆಲಸಾ ನೋಡ್ರಿ. ಅವನೂ ಐದು ವರ್ಷದಿಂದ ಹುಡುಕಾಕತ್ತಾನ, ಅವಂಗೂ ಏನೂ ಸಿಕ್ಕಿಲ್ಲ."

೩. ಅಂತಃಕರಣದ ಅಜ್ಜಿ

ಭೂಮಿಯ ಕಾಂತಶಕ್ತಿ ದಿನವಿಡೀ ಏರಿಳಿಯುತ್ತದೆ. ಆ ಏರಿಳಿತ ಗೊತ್ತಾಗಲು ಇನ್ನೊಂದು ಯಂತ್ರವನ್ನು ಒಂದೇ ಕಡೆ ನಿಲ್ಲಿಸಿ ಹೋಗಬೇಕು. ಸವದತ್ತಿ ಕಡೆ ಒಂದು ಹೊಲದ ಬದುವಿನಲ್ಲಿ ನಿಲ್ಲಿಸಿದ್ದೆ. ಸಂಜೆ ನೋಡಿದರೆ ಅಂಕಿಗಳು ಹುಚ್ಚೆದ್ದು ಕುಣಿದಿವೆ. ಯಂತ್ರದ ಮೇಲೆ ಒಂದು ಕಬ್ಬಿಣದ ತಗಡು! ಹೊಲದ ಅಜ್ಜಿ ನಗುತ್ತ ಬಂದಳು.

"ಇಂಥಾ ಬಿಸಲಾಗ ಪಾಪ ಒಂದ ನಿಂತಿತ್ತೋ ತಮ್ಮಾ. ನೆರಳ ಮಾಡೇನಿ."

"ಯವ್ವಾ, ಕಬ್ಬಣ ಅದಕ್ಕ ಆಗಿಬರೂದಿಲ್ಲಬೇ!"

ಪಾಪ, ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಇಡೀ ದಿನದ ಅಳತೆಯನ್ನು ಮರುದಿನ ಮತ್ತೆ ಮಾಡಿದೆ. ಸಂಜೆ ಬಂದು ನೋಡಿದರೆ ತಗಡಿಲ್ಲ. ಯಂತ್ರಕ್ಕೆ ಚೆಂದದ ಕೌದಿ ಹೊದಿಸಿದ್ದಳು. ಕೌದಿ ಗಾಳಿಗೆ ಹಾರಬಾರದೆಂದು ಅದರ ಮೇಲೆ ಎರಡು ಕುಡುಗೋಲು ಇಟ್ಟಿದ್ದಳು.

೪. ಗಟ್ಟಿ ಗೂಟ

ಉಳಿದದ್ದು ರಾಮದುರ್ಗವೊಂದೇ. ರೈತರೊಬ್ಬರ ಹೊಲದಲ್ಲಿ ಅಳೆಯುವ ಜಾಗಗಳಿಗೆ ಕಟ್ಟಿಗೆಯ ಗೂಟ ಬಡಿದು ಬಂದೆ. ಅಷ್ಟರಲ್ಲಿ ಯಂತ್ರ ಕೆಟ್ಟಿತು; ರಿಪೇರಿಯಾಗಿ ಬರಲು ಒಂದು ವಾರ ಹಿಡಿಯಿತು. ಆಮೇಲೆ ಹೋಗಿ ಅಳೆದೆ. ಪ್ರತಿ ಗೂಟದ ಹತ್ತಿರವೂ ಅಂಕಿ ಮುಗಿಲು ಮುಟ್ಟಿದೆ! ಅಕ್ಕಪಕ್ಕದ ಹೊಲಗಳನ್ನೂ ಅಳೆದು ನಕ್ಷೆ ಬರೆದು ನೋಡಿದೆ. ಖನಿಜ ಸರಿಯಾಗಿ ಆ ಹೊಲದ ಬದುವಿಗೆ ಶುರುವಾಗಿ, ಆಚೆ ಬದುವಿಗೆ ಮುಗಿದಿತ್ತು. ಕೋಟಿಗಟ್ಟಲೆ ವರ್ಷದ ಹಿಂದಿನ ಕಲ್ಲಿಗೆ ಇವರ ಬದು ಹೇಗೆ ಗೊತ್ತಾಯಿತು ಎಂದು ಒಂದು ಗಳಿಗೆ ಅನಿಸಿತು. ಆದರೆ ಕೆಲಸ ಹೋಗುವ ಹೊತ್ತಿನಲ್ಲಿ ಮನುಷ್ಯ ಏನನ್ನಾದರೂ ನಂಬುತ್ತಾನೆ. ಹೆಂಡತಿಗೆ ಫೋನು ಮಾಡಿ "ಉಳೀತು" ಎಂದೆ. ಏನು ಉಳಿಯಿತೆಂದು ಅವಳಿಗೆ ತಿಳಿಯಲಿಲ್ಲ.

ಸುದ್ದಿ ಕೇಳಿ ಸಾಹೇಬರು ಪೇಡೆ ಹಿಡಿದುಕೊಂಡೇ ಬಂದರು. ಎಲ್ಲಕ್ಕಿಂತ ಹೆಚ್ಚು ಅಂಕಿ ಬಂದ ಗೂಟದ ಬಳಿ ಗುದ್ದಲಿ ಹಾಕಿಸಿದರು. ಮೊದಲ ಏಟಿಗೇ ಠಣ್ ಎಂದಿತು. ಮಣ್ಣು ಸರಿಸಿದರೆ ಗೂಟದ ಮಗ್ಗುಲಿಗೆ ಕಬ್ಬಿಣದ ಸರಳು. ಅಷ್ಟರಲ್ಲಿ ರೈತರು ಓಡಿ ಬಂದರು.

"ಕೀಳಬ್ಯಾಡ್ರಿ, ಕೀಳಬ್ಯಾಡ್ರಿ! ಕಸಾ ತಗಿಯಾಕ ಎಡಿ ಹೊಡಿಯುವಾಗ ನಿಮ್ಮ ಕಟಗಿ ಗೂಟಾ ಬಿದ್ದು ಹೋದ್ರ ಜಾಗಾ ತಪ್ಪತೈತಂತ, ಮನಿ ಕಟ್ಟಿ ಉಳಿದಿದ್ದ ಸಳಿ ಕೊಯ್ದು ಎಲ್ಲಾ ಗೂಟಕ್ಕೂ ನಾನ ಬಡದೇನಿ. ಎತ್ತಿನ ಕಾಲಿಗೆ ತಾಗಬಾರದಂತ ಮಣ್ಣ ಮುಚ್ಚೇನ್ರಿ."

ಸಾಹೇಬರು ಕೈಯಲ್ಲಿದ್ದ ಪೇಡೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ನನ್ನ ಕಡೆ ತಿರುಗಿ, "ಸಾಮಾನು ಕಟ್ಟಿ. ನಾಳೆಯಿಂದ ನೀವೂ ಬರೋದು ಬೇಡ" ಎಂದು ಕಾರು ಹತ್ತಿದರು.

ನಾನು ಅಲ್ಲೇ ಮಣ್ಣಿನ ಮೇಲೆ ಕುಸಿದು ಕುಂತೆ. ಸಾಹೇಬರ ಮಾತು ಕಿವಿಗೆ ಬೀಳದ ಆ ರೈತರು ಬಂದು ನನ್ನ ಬೆನ್ನು ಚಪ್ಪರಿಸಿದರು.

"ಚಿಂತಿ ಬಿಡ್ರಿ. ನೀವು ಹೋದ್ರೂ ಈ ಗೂಟಾ ಅಳ್ಳಾಡೂದಿಲ್ಲ!"