ಸೀಮಂತಕ್ಕೆ ಕರೆಯದ ಅತ್ತೆ

ನಮ್ಮ ಸೋದರತ್ತೆಯನ್ನು ಸೀಮಂತಕ್ಕೆ ಯಾರೂ ಕರೆಯುವುದಿಲ್ಲ. ಆದರೆ ನಮ್ಮ ಬಳಗದಲ್ಲಿ ಅವರಿಲ್ಲದೆ ನಡೆದ ಸೀಮಂತ ಒಂದಿದ್ದರೆ ತೋರಿಸಿ, ನೋಡೋಣ!

ಜಂಗಮಕೋಟೆಯಲ್ಲಿ ಬೆಳಗಿನ ಹಾಲನ್ನು ಡೇರಿಗೆ ಹಾಕಿ, ಸಿಕ್ಕಿದ ಬಸ್ಸು ಹತ್ತಿ, ಅಡುಗೆಯವರು ಒಲೆ ಹಚ್ಚುವ ಮೊದಲೇ ಬಂದು ಕೂತಿರುತ್ತಾರೆ. ಬಂದವರು ಬಸುರಿಗೆ ಅರಿಶಿನ ಕುಂಕುಮ ಹಚ್ಚಿ ಹರಸುತ್ತಾರೆಯೇ? ಉಹುಂ. ಅವಳ ಹಣೆ ಮುಟ್ಟಿ, ತೋಳು ತಿರುಗಿಸಿ, "ಜ್ವರ ಬಂದಿತ್ತಾ? ಮೈಮೇಲೆ ಕೆಂಪಗೆ ಏನಾದ್ರೂ ಎದ್ದಿತ್ತಾ? ನಿಜ ಹೇಳು" ಎಂದು ವಿಚಾರಣೆ ಶುರು ಮಾಡುತ್ತಾರೆ. ಪೊಲೀಸರಾದರೂ ಕಳ್ಳನಿಗೆ ಕೂತ್ಕೋ ಎಂದು ಹೇಳಿ ಆಮೇಲೆ ಕೇಳುತ್ತಾರೆ!

ಒಮ್ಮೆ ನಮ್ಮ ದೊಡ್ಡಪ್ಪನ ಮಗನಿಗೆ ಹೆಣ್ಣು ನೋಡಲು ಚಿಂತಾಮಣಿಗೆ ಹೋಗಿದ್ದೆವು. ಹುಡುಗಿ ಕಾಫಿ ತಂದಳು. ಓದು, ಅಡುಗೆ, ಮಾಮೂಲಿ ಪ್ರಶ್ನೆಗಳೆಲ್ಲ ಮುಗಿದವು. ಮೂಲೆಯಲ್ಲಿದ್ದ ಅತ್ತೆ ಕೇಳಿದರು: "ಏನಮ್ಮಾ, ರುಬೆಲ್ಲಾ ಸೂಜಿ ಹಾಕಿಸ್ಕೊಂಡಿದೀಯಾ?"

ಹುಡುಗಿಯ ಅಪ್ಪನ ಮುಖ ಕಪ್ಪಿಟ್ಟಿತು. "ಏಮಿಟಮ್ಮಾ ಇದಿ! ಏನು ಮಾತಿದು! ನಮ್ಮ ಹುಡುಗೀಗೆ ಯಾವ ರೋಗಾನೂ ಇಲ್ಲ."

"ರೋಗ ಬಂದೋರಿಗಲ್ಲ ರೀ, ಬರ್ದೇ ಇರೋರಿಗೆ ಹಾಕೋದು. ಮದುವೆಗೆ ಮುಂಚೆ ಹಾಕಿಸ್ಬಿಡಿ. ಬಸುರಿ ಆದ್ಮೇಲೆ ಹಾಕಲ್ಲ."

ಮದುವೆ ಗೊತ್ತಾಗುವ ಮೊದಲೇ ಬಸುರಿನ ಮಾತು! ಸಂಬಂಧ ಅಲ್ಲೇ ಮುರಿಯಿತು. ದಾರಿಯುದ್ದಕ್ಕೂ ದೊಡ್ಡಪ್ಪ ಬೈದರು: "ನಿನ್ ದೆಸೆಯಿಂದ ಒಳ್ಳೇ ಹುಡುಗಿ ತಪ್ಪೋಯ್ತು ಕಣೇ." ಅತ್ತೆ ಕಿಟಕಿಯಾಚೆ ನೋಡುತ್ತಾ ಹೇಳಿದರು: "ತಪ್ಪಿಸ್ಕೊಂಡ್ಲು ಅನ್ನಣ್ಣ. ನಿನ್ ಮಗ ಏನು ಕಮ್ಮೀನಾ?"

ನನ್ನ ತಂಗಿಯ ಸೀಮಂತದಲ್ಲಂತೂ ಶಾಮಿಯಾನದ ಬಾಗಿಲಲ್ಲೇ ಕಾವಲು ನಿಂತರು. ನಮ್ಮ ಬಳಗದಲ್ಲೇ ಶ್ರೀಮಂತರು ಎನಿಸಿಕೊಂಡ ಒಬ್ಬರು ಮೊಮ್ಮಗಳನ್ನು ಎತ್ತಿಕೊಂಡು ಬಂದರು. ಮಗುವಿನ ಕುತ್ತಿಗೆಯ ಮೇಲೆ ಸಣ್ಣ ಕೆಂಪು ಗುಳ್ಳೆಗಳು. ಅತ್ತೆ ಕೈ ಅಡ್ಡ ಹಿಡಿದರು.

"ಸೆಕೆಗುಳ್ಳೆ ಕಣಮ್ಮ, ಬಿಡು."

"ಏಸಿ ಕಾರಲ್ಲಿ ಬಂದೋರಿಗೆ ಸೆಕೆಗುಳ್ಳೆ ಎಲ್ಲಿಂದ ಬಂತು?"

ಅವರು ಊಟವನ್ನೂ ಮಾಡದೆ ಹಿಂತಿರುಗಿದರು. ಆಮೇಲೆ ಡಾಕ್ಟರು ನೋಡಿದಾಗ ಅದು ನಿಜವಾಗಿಯೂ ಸೆಕೆಗುಳ್ಳೆಯೇ ಆಗಿತ್ತು! ಆ ಮನೆಯವರು ಇವತ್ತಿಗೂ ನಮ್ಮೊಂದಿಗೆ ಮಾತಾಡುವುದಿಲ್ಲ. ಅತ್ತೆಗೆ ಪಶ್ಚಾತ್ತಾಪವೇ? "ಸದ್ಯ, ಸೆಕೆಗುಳ್ಳೆ ತಾನೇ" ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಇಷ್ಟು ಕೇಳಿ ನೀವು ನಗುತ್ತಿರಬಹುದು. ನಾವೂ ನಗುತ್ತಿದ್ದೆವು. ನಗುವುದು ಸುಲಭ. ಅತ್ತೆ ಯಾಕೆ ಹೀಗಾದರು ಎಂಬುದನ್ನು ನೆನೆಯುವುದು ಕಷ್ಟ.

ಮದುವೆಯಾದ ಹೊಸತರಲ್ಲಿ, ಬಸುರಿ ಎಂದು ಆಗಷ್ಟೇ ಗೊತ್ತಾಗಿದ್ದಾಗ, ಅತ್ತೆಗೆ ಸಣ್ಣ ಜ್ವರ ಬಂತು. ಮೈಮೇಲೆ ಕೆಂಪು ದದ್ದು ಎದ್ದಿತು. ಅವರ ಗಂಡನ ತಾಯಿ "ಅಮ್ಮ ಬಂದವ್ಳೆ" ಎಂದು ಬೇವಿನ ಸೊಪ್ಪು ಹಾಸಿ ಮಲಗಿಸಿದರು. ನಾಲ್ಕು ದಿನಕ್ಕೆ ದದ್ದು ಇಳಿಯಿತು. ಅಮ್ಮನಿಗೆ ತಂಪು ಮಾಡಿ ಎಲ್ಲರೂ ಮರೆತರು.

ಹುಟ್ಟಿದ ಹೆಣ್ಣುಮಗು ಪವಿತ್ರ. ಅಬ್ಬಾ, ಆ ಕೂಸಿಗೆ ಸಿಕ್ಕ ಹೊಗಳಿಕೆ! ಪಕ್ಕದಲ್ಲಿ ಗ್ರೈಂಡರ್ ಗುಡುಗಿದರೂ ನಿದ್ದೆ. ಗಣಪತಿ ಬಿಡುವಾಗ ಬಾಗಿಲಲ್ಲೇ ಪಟಾಕಿ ಸಿಡಿದರೂ ನಿದ್ದೆ. "ಎಂಥಾ ಸಾಧು ಮಗು ಕಣೇ! ಪುಣ್ಯ ಮಾಡಿದ್ದೀಯ" ಎಂದು ಬಂದವರೆಲ್ಲ ಅತ್ತೆಯ ಕೆನ್ನೆ ಹಿಂಡಿ ಹೋದರು. ಆ ಹೊಗಳಿದವರಲ್ಲಿ ಒಬ್ಬರಾದರೂ ಮಗುವಿನ ಬೆನ್ನ ಹಿಂದೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಬಾರದಿತ್ತೇ?

ಓಡಾಡುವ ವಯಸ್ಸಾದರೂ ಮಗು ಮಾತಾಡಲಿಲ್ಲ. "ಅವರ ತಾತನೂ ತಡವಾಗೇ ಮಾತಾಡಿದ್ದು" ಎಂದರು. ಉಂಗುರದಲ್ಲಿ ಜೇನು ಅದ್ದಿ ನಾಲಿಗೆಗೆ ತೀಡಿದರು. ಹರಕೆ ಹೊತ್ತರು. ಮಾತಾಡಬೇಕಾದ ವರ್ಷಗಳೆಲ್ಲ ಜೇನಿನಲ್ಲಿ ಕರಗಿಹೋದವು. ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ಎರಡು ಕಿವಿಯೂ ಕೇಳುವುದಿಲ್ಲ ಎಂದು ಹೇಳಿ, ಒಂದು ಮಾತು ಕೇಳಿದರಂತೆ: "ಬಸುರಿಯಾಗಿದ್ದಾಗ ಜ್ವರ, ದದ್ದು ಬಂದಿತ್ತೇನಮ್ಮ?"

ಅದು ರುಬೆಲ್ಲಾ ಎಂಬ ವೈರಸ್ಸು, ತಾಯಿಗೆ ನಾಲ್ಕು ದಿನದ ತೊಂದರೆ, ಹೊಟ್ಟೆಯೊಳಗಿನ ಮಗುವಿಗೆ ಜೀವಮಾನದ್ದು ಎಂದು ಅವರು ಬಿಡಿಸಿ ಹೇಳಿದರು. ನಮ್ಮವರು ಒಪ್ಪಬೇಕಲ್ಲ! ಗ್ರಹಣದಲ್ಲಿ ಹೊರಗೆ ಬಂದಿದ್ದಳು ಎಂದರು. ಹಿಂದಿನ ಜನ್ಮದ ಪಾಪ ಎಂದರು. ವೈರಸ್ಸು ಕಣ್ಣಿಗೆ ಕಾಣುವುದಿಲ್ಲ, ತಾಯಿ ಕಾಣುತ್ತಾಳೆ. ಬೈಯುವುದಕ್ಕೆ ಅನುಕೂಲ ನೋಡಿ! ಪುಣ್ಯವಂತೆ ಎಂದು ಕೆನ್ನೆ ಹಿಂಡಿದ್ದ ಅದೇ ಜನ, ಅವಳ ಕಣ್ಣು ಬಸುರಿಯರ ಮೇಲೆ ಬೀಳಬಾರದು ಎಂದು ಸೀಮಂತಗಳಿಗೆ ಕರೆಯುವುದನ್ನು ನಿಲ್ಲಿಸಿದರು. ಅವತ್ತಿನಿಂದ ಅತ್ತೆ ಕರೆಯದೆಯೇ ಹೋಗತೊಡಗಿದರು.

ಪವಿತ್ರ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದಳು. ಅವಳ ಜೊತೆ ಅತ್ತೆಯೂ ಕೈಸನ್ನೆಯ ಭಾಷೆ ಕಲಿತರು. ಬಸ್ಸಿನಲ್ಲಿ ಅಮ್ಮ ಮಗಳು ಕೈಯಲ್ಲೇ ಜಗಳವಾಡುವುದನ್ನು ನೋಡಬೇಕು! ಒಮ್ಮೆ ಕಂಡಕ್ಟರ್ ಪಾಪ ಎಂದುಕೊಂಡು, "ಇಬ್ಬರೂ ಮೂಗರು, ಜಾಗ ಬಿಡ್ರಪ್ಪ" ಎಂದ. ಅತ್ತೆ ಜಾಗ ಹಿಡಿದು ಕೂತ ಮೇಲೆ, "ಯಾರೋ ಮೂಗಿ? ನಿಮ್ಮಜ್ಜಿ!" ಎಂದರು.

ಪವಿತ್ರ ಈಗ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲೇ ಕೆಲಸ ಮಾಡುವ, ಅವಳಂತೆಯೇ ಕಿವಿ ಕೇಳದ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅತ್ತೆ ತಾಳಿಗಿಂತ ಬಹಳ ಮುಂಚೆಯೇ ಸೂಜಿ ಹಾಕಿಸಿದ್ದರು.

ಪವಿತ್ರ ಬಸುರಿಯಾದಾಗ ಅತ್ತೆ ಊರಿಗೆಲ್ಲ ಹೇಳಿ ಸೀಮಂತ ಮಾಡಿದರು. ಬಂದವರು ಒಂದೇ ಚಾಪೆಗಾಗುವಷ್ಟು ಜನ. ಬಾರದವರು ಮನೆಯಲ್ಲೇ ಕೂತು ಭವಿಷ್ಯ ನುಡಿದರು: "ಎರಡು ಕಿವುಡು ಸೇರಿದ್ರೆ ಮೂರನೇದು ಏನು ಹುಟ್ಟುತ್ತೆ?" ಮಿಕ್ಕಿದ ಚಿತ್ರಾನ್ನವನ್ನು ಅತ್ತೆ ಹಸುಗಳಿಗೆ ಹಾಕಿದರು. "ಇವು ಕರೆದ್ರೆ ಬರ್ತವೆ" ಎಂದರು. ಅವತ್ತು ನನಗೆ ನಗು ಬರಲಿಲ್ಲ.

ಹೆಣ್ಣುಮಗು ಹುಟ್ಟಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗುವಾಗ ನಾನೂ ಜೊತೆಗಿದ್ದೆ. ಊರ ಮಕ್ಕಳನ್ನೆಲ್ಲ ಜಗಳವಾಡಿ ಈ ಪರೀಕ್ಷೆಗೆ ಎಳೆದುತಂದಿದ್ದ ಅತ್ತೆ, ತಮ್ಮ ಮೊಮ್ಮಗಳ ಸರದಿ ಬಂದಾಗ ಬಾಗಿಲಲ್ಲೇ ನಿಂತುಬಿಟ್ಟರು. "ನೀನು ಒಳಗಿರು ಕಣೇ, ನನ್ ಕೈಲಾಗಲ್ಲ" ಎಂದರು.

ಪವಿತ್ರಳ ತೊಡೆಯ ಮೇಲೆ ಮಗು ನಿದ್ದೆ ಮಾಡುತ್ತಿತ್ತು. ಪರೀಕ್ಷೆ ಮಾಡುವ ಹುಡುಗಿ ಅದರ ಕಿವಿಗೆ ಪುಟ್ಟ ಬಿರಡೆಯಂಥದ್ದನ್ನು ಇಟ್ಟು ಯಂತ್ರ ನೋಡಿದಳು. ಮತ್ತೊಂದು ಕಿವಿಗೂ ಇಟ್ಟಳು.

"ಎರಡೂ ಚೆನ್ನಾಗಿದೆ."

ಅತ್ತೆ ಒಳನುಗ್ಗಿದರು. "ಇನ್ನೊಂದ್ಸಲ ನೋಡಮ್ಮ."

ಅವಳು ಬೇಸರಿಸದೆ ಮತ್ತೆ ನೋಡಿದಳು. "ಕೇಳ್ಸತ್ತೆ ಅಜ್ಜಿ. ಚೆನ್ನಾಗಿ ಕೇಳ್ಸತ್ತೆ."

ಪವಿತ್ರ ಅಮ್ಮನ ಮುಖ ನೋಡಿದಳು. ಅತ್ತೆ ತಮ್ಮ ಕಿವಿ ಮುಟ್ಟಿ, ಹೆಬ್ಬೆರಳು ಎತ್ತಿ ತೋರಿಸಿದರು. ಪವಿತ್ರ ಮಗುವನ್ನು ನೋಡಿ, ನಿಧಾನವಾಗಿ ಕೈಸನ್ನೆ ಮಾಡಿದಳು. ನನಗೆ ಅರ್ಥವಾಗಲಿಲ್ಲ.

"ಏನಂದ್ಲು ಅತ್ತೆ?"

"ನನ್ ದನಿ ಹೆಂಗಿದೆ ಅಂತ, ಮಗು ದೊಡ್ಡದಾದ್ಮೇಲೆ ತನಗೆ ಹೇಳುತ್ತೆ ಅಂತಿದಾಳೆ."

ಅತ್ತೆ ಮಗುವನ್ನು ಎತ್ತಿಕೊಂಡರು. ಅದರ ಕಿವಿಯ ಹತ್ತಿರ ಬಾಯಿಟ್ಟು, ನಾನು ಎಂದೂ ಕೇಳಿರದಷ್ಟು ಮೆಲ್ಲಗೆ, "ಪವಿತ್ರ" ಎಂದರು. "ನಿಮ್ಮಮ್ಮನ ಹೆಸರು ಕಣಮ್ಮ. ಅವಳು ಒಂದ್ಸಲಾನೂ ಕೇಳಿಸ್ಕೊಂಡಿಲ್ಲ. ನೀನು ಕೇಳಿಸ್ಕೋ."