ಹಿಂದೆ ನಿಂತವರನ್ನೇ ಹಿಡಿಯುವ ಲೆನ್ಸ್

ಮದುವೆ ಫೋಟೋ ತೆಗೆಯುವವನಿಗೆ ಜೀವ ಬಾಯಿಗೆ ಬರುವ ಫಜೀತಿಗಳು ಹೊಸವಲ್ಲ. ತಾಳಿ ಇನ್ನೊಮ್ಮೆ ಕಟ್ಟಿರಿ ಎಂದು ಕೇಳಲು ಬರುವುದಿಲ್ಲವಲ್ಲ! ತೆಲಂಗಾಣದ ಗಡಿಯ ಮಕ್ತಲದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಇದ್ದ ಒಳ್ಳೆಯ ಲೆನ್ಸ್ ಪಕ್ಕದ ನಾರ್ವ ಎಂಬ ಊರಿನ ಮದುವೆಯೊಂದರಲ್ಲಿ ಸಾಂಬಾರಿನ ಬಕೆಟ್ಟಿಗೆ ಬಿದ್ದು ತೀರಿಕೊಂಡಿತು. ಅದರ ಜಾಗಕ್ಕೆ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಲೆನ್ಸ್ ತಂದೆ. ಕ್ಯಾಮರಾ ಒಂದು ಕಂಪನಿಯದು, ಲೆನ್ಸ್ ಇನ್ನೊಂದರದು. ಕೆಲವೇ ದಿನಗಳಲ್ಲಿ ಗದ್ವಾಲದ ರೈಸ್ ಮಿಲ್ ಸಾವುಕಾರರ ದೊಡ್ಡ ಮಗಳ ಮದುವೆ. ಅದು ಚೆನ್ನಾಗಿ ಬಂದರೆ ಚಿಕ್ಕ ಮಗಳದೂ ನನಗೇ. ಕೆಟ್ಟರೆ ಗದ್ವಾಲದಲ್ಲಿ ಮುಖ ತೋರಿಸುವಂತಿಲ್ಲ.

೧. ಅವ್ವನ ಭಂಡಾರ

ಲೆನ್ಸ್ ಹಾಕಿದ ಕೂಡಲೇ ಕ್ಯಾಮರಾ 'ಎರರ್' ಎಂದು ಮೊಂಡು ಹಿಡಿಯಿತು. ಬಂದ್ ಮಾಡಿ ಚಾಲೂ ಮಾಡಿದೆ, ಬ್ಯಾಟರಿ ತೆಗೆದು ಹಾಕಿದೆ, ಲೆನ್ಸ್ ಬಿಚ್ಚಿ ಮತ್ತೆ ತಿರುಗಿಸಿದೆ. ಜಪ್ಪಯ್ಯ ಅನ್ನಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಮ್ಮದು ಬೀರಪ್ಪನ ಒಕ್ಕಲು. ಮನೆಗೆ ಕುರಿ ಬಂದರೂ ಮೊಬೈಲ್ ಬಂದರೂ ಮೊದಲು ಅರಿಶಿಣದ ಭಂಡಾರ ಬೀಳಬೇಕು.

"ದೇವ್ರಿಗೆ ತೋರಸ್ದ ಹಾಕಿದ್ರ ಹೆಂಗ ನಡೀತೈತೋ?" ಅಂದಳು.

ನಾನು ಉಂಡು ಏಳುವಷ್ಟರಲ್ಲಿ ಲೆನ್ಸಿನ ಹಿಂಬದಿಯ ಲೋಹದ ಚುಕ್ಕಿಗಳಿಗೆಲ್ಲ ಭಂಡಾರ ಮೆತ್ತಿತ್ತು. ಕ್ಯಾಮರಾಕ್ಕೂ ಲೆನ್ಸಿಗೂ ಮಾತುಕತೆ ನಡೆಯುವುದೇ ಆ ಚುಕ್ಕಿಗಳಿಂದ. ಮೆತ್ತನೆಯ ಬಟ್ಟೆ ಹಿಡಿದು, ಮನಸ್ಸಿನಲ್ಲೇ ಅಳುತ್ತ, ಒಂದೊಂದನ್ನೂ ಒರೆಸಿ ಮತ್ತೆ ಹಾಕಿದೆ. ಕ್ಯಾಮರಾ ಸುಮ್ಮನೆ ಚಾಲೂ ಆಯಿತು!

ಭಂಡಾರ ಹಚ್ಚಿದ್ದಕ್ಕೆ ನಡೆಯಿತೆಂದು ಅವ್ವ, ಅದನ್ನು ಒರೆಸುವಾಗ ಹಳೆಯ ಕೊಳೆಯೂ ಹೋಗಿದ್ದಕ್ಕೆ ಎಂದು ನಾನು. ಈಗ ಫ್ರಿಜ್ಜು ಸ್ವಲ್ಪ ಸದ್ದು ಮಾಡಿದರೂ ಅವ್ವ ಭಂಡಾರದ ಚೀಲ ಹಿಡಿದು ಬರುತ್ತಾಳೆ.

೨. ಹೆಂಡತಿ ಮತ್ತು ಬನಿಯನ್ನು

ಪರೀಕ್ಷೆಗೆಂದು ಹೆಂಡತಿಯನ್ನು ಹಿತ್ತಲಲ್ಲಿ ನಿಲ್ಲಿಸಿದೆ. ಫೋಟೋದಲ್ಲಿ ಅವಳ ಮುಖ ಮಸುಕು. ಅವಳ ಹಿಂದೆ ತಂತಿಯ ಮೇಲೆ ಒಣಗುತ್ತಿದ್ದ ನನ್ನ ಬನಿಯನ್ನಿನ ತೂತುಗಳು ಮಾತ್ರ ಬಲು ಸ್ಪಷ್ಟ. ಹತ್ತಿರ ಹೋದೆ, ದೂರ ಹೋದೆ. ಪ್ರತಿ ಸಲವೂ ಫೋಕಸ್ ಅವಳನ್ನು ದಾಟಿ ಬನಿಯನ್ನಿಗೇ ಹೋಗುತ್ತಿತ್ತು. ಮದುಮಗಳಿಗೂ ಹೀಗೇ ಆದರೆ?

ಹೆಂಡತಿ ಫೋಟೋಗಳನ್ನೆಲ್ಲ ನೋಡಿ, "ನಾ ಎದುರಿಗೆ ನಿಂತ್ರೂ ನಿಮ್ಮ ಕಣ್ಣು ಬ್ಯಾರೆ ಎಲ್ಲ್ಯೋ ಇರ್ತೈತಿ. ಲೆನ್ಸ್ ನಿಮಗ ಸರಿಜೋಡಿ ಸಿಕ್ಕೈತಿ ಬಿಡ್ರಿ," ಅಂದಳು.

೩. ಲವ್ ಮ್ಯಾರೇಜ್

ನಾರಾಯಣಪೇಟೆಯ ಕ್ಯಾಮರಾ ರಿಪೇರಿಯವರ ಬಳಿಗೆ ಓಡಿದೆ. ಅವರು ಲೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಲವ್ ಮ್ಯಾರೇಜ್ ಐತ್ರೀ. ಮನಿತನ ಬ್ಯಾರೆ ಬ್ಯಾರೆ. ಕ್ಯಾಮರಾ ಇಲ್ಲಿ ನಿಲ್ಲು ಅಂದ್ರ ಲೆನ್ಸ್ ಜರಾ ಹಿಂದಕ್ಕ ಹೋಗಿ ನಿಲ್ತೈತಿ."

"ಸರಿ ಮಾಡಾಕ ಬರೂದಿಲ್ಲೇನ್ರೀ?"

"ನಿಮ್ಮ ಹಳೀ ಕ್ಯಾಮರಾದಾಗ ಆ ಸೆಟ್ಟಿಂಗ್ ಇಲ್ರೀ. ಕಿಂಡ್ಯಾಗ ಕಣ್ಣಿಟ್ಟು ಹೊಡೀಬ್ಯಾಡ್ರಿ. ಹಿಂದಿನ ಸ್ಕ್ರೀನ್ ನೋಡಿ ಫೋಕಸ್ ಮಾಡ್ರಿ, ಬರೋಬರಿ ಬರ್ತೈತಿ. ಸಾವಕಾಶ ಆಗ್ತೈತಿ, ಅಷ್ಟ."

"ತಾಳಿ ಕಟ್ಟಸೂ ಐನೋರು ಸಾವಕಾಶ ಮಾಡ್ತಾರೇನ್ರೀ?"

"ಅವರನ್ನ ರಿಪೇರಿ ಮಾಡಾಕ ನನಗ ಬರೂದಿಲ್ರೀ," ಅಂದರು.

೪. ಗದ್ವಾಲದ ಹಿರಿಯರು

ಮದುವೆಯ ದಿನ ಗದ್ವಾಲದ ದಾರಿಯ ಜುರಾಲಾ ಡ್ಯಾಮ್ ದಾಟುವಾಗಲೇ 'ಸ್ಕ್ರೀನ್, ಸ್ಕ್ರೀನ್' ಎಂದು ಜಪ ಶುರುಮಾಡಿದೆ. ಸ್ಕ್ರೀನ್ ನೋಡಿ ತೆಗೆದದ್ದೆಲ್ಲ ನೆಟ್ಟಗೇ ಬಂತು. ತಾಳಿ ಕಟ್ಟುವ ಹೊತ್ತಿಗೆ ಜನ ಮುಗಿಬಿದ್ದರು, ಅಕ್ಷತೆ ಮಳೆಯಾಗಿ ಸುರಿಯಿತು, ಯಾರದೋ ಮೊಣಕೈ ತಾಗಿತು. ಗಾಬರಿಯಲ್ಲಿ ಹಳೆಯ ಚಾಳಿ ಬಿಡಲಿಲ್ಲ, ಕಣ್ಣು ತಾನಾಗಿ ಕಿಂಡಿಗೆ ಹೋಯಿತು. ಪಟಪಟನೆ ಹೊಡೆದುಬಿಟ್ಟೆ.

ಸ್ಟುಡಿಯೋದಲ್ಲಿ ನೋಡಿದರೆ ತಾಳಿಯೂ ಮಸುಕು, ಮದುಮಕ್ಕಳೂ ಮಸುಕು. ಅವರ ಹಿಂದೆ ಶಾಲು ಹೊದ್ದು ಆಶೀರ್ವಾದ ಮಾಡುತ್ತ ನಿಂತ ಹಿರಿಯರೊಬ್ಬರು ಮಾತ್ರ ಮೀಸೆಯ ಕೂದಲು ಕೂದಲೂ ಕಾಣುವಷ್ಟು ಸ್ಪಷ್ಟ. ಎಲ್ಲ ಫೋಟೋದಲ್ಲೂ ಅವರೇ.

ಇದನ್ನು ತೋರಿಸದೆ ಇರುವಂತಿಲ್ಲ. ಫೋಟೋಗಳನ್ನು ಹಿಡಿದುಕೊಂಡು ಸಾವುಕಾರರ ಮನೆಗೆ ಹೋದೆ. ವರನ ತಂದೆಯೂ ಅಲ್ಲೇ ಕುಳಿತಿದ್ದರು. ತಾಳಿಯ ಫೋಟೋ ಬಂತು. ಇನ್ನೇನು ಬೈಗುಳ ಬೀಳುತ್ತದೆಂದು ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೆನಪಿಸಿಕೊಳ್ಳತೊಡಗಿದೆ.

ಸಾವುಕಾರರು ಬೀಗರ ಕಡೆ ತಿರುಗಿ, "ನಿಮ್ಮ ದೊಡ್ಡಪ್ಪಾರು ಭಾಳ ಚಂದ ಬಂದಾರ ನೋಡ್ರಿ," ಅಂದರು.

ಬೀಗರು ಬಗ್ಗಿ ನೋಡಿದರು. "ನಮ್ಮ ದೊಡ್ಡಪ್ಪಾರಾ? ನಿಮ್ಮ ಕಡಿಯೋರು ಅಂತ ನಾವೆಲ್ಲಾ ಅವ್ರ ಕಾಲಿಗೆ ಬಿದ್ದೀವಲ್ರೀ!"

ಸಾವುಕಾರರ ಬಾಯಿಂದ ತೆಲುಗು ಹೊರಟಿತು: "ಎವರಯ್ಯಾ ಈಯನ? ಯಾರ್ರೀ ಇಂವ?" ಆಮೇಲೆ ಹಣೆ ಹಣೆ ಬಡಿದುಕೊಂಡು, "ನನ್ನ ಕೈಯಾರ ಶಾಲು ಹೊದ್ದಿಸೀನಲ್ರೀ!" ಅಂದರು.

ಆ ಗದ್ದಲದಲ್ಲಿ ಮಗಳ ಮುಖ ಮಸುಕಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಮೆಲ್ಲಗೆ ಎದ್ದು ಹೊರಟಾಗ ಸಾವುಕಾರರು ಕೂಗಿ ಹೇಳಿದರು: "ಫೋಟೋದೋರೇ, ಸಣ್ಣಾಕಿ ಮದುವಿಗೂ ನೀವೇ ಬರಬೇಕು. ಹಿಂದ ನಿಂತ ಕಳ್ಳರನ್ನ ಹಿಡೀತೈತಿ, ಇದೇ ಕ್ಯಾಮರಾ, ಇದೇ ಲೆನ್ಸ್ ತರ್ರಿ!"

೫. ಶಾಲಿನವರು ಬಂದರು

ಆ ಲೆನ್ಸನ್ನು ಮಾರಿಬಿಡಬೇಕೆಂದಿದ್ದೆ, ಈಗ ಅದೂ ಸಾಧ್ಯವಿಲ್ಲ. ಇದೇ ಚಿಂತೆಯಲ್ಲಿ ಕುಳಿತಿದ್ದಾಗ ಅದೇ ಶಾಲು ಹೊದ್ದುಕೊಂಡು ಅದೇ ಹಿರಿಯರು ಸ್ಟುಡಿಯೋದೊಳಗೆ ಬಂದರು. ನನ್ನ ಕ್ಯಾಮರಾ ಚೀಲದ ಮೇಲಿನ ಹೆಸರು ನೋಡಿ ಹುಡುಕಿಕೊಂಡು ಬಂದಿದ್ದರಂತೆ.

"ನನ್ನ ಕಡೀಗೇ ಭಾಳ ಫೋಟೋ ಹೊಡೀತಿದ್ರಿ. ಒಂದು ದೊಡ್ಡದು ಮಾಡಿಕೊಡ್ರಿ," ಅಂದರು.

"ಯಜಮಾನ್ರೇ, ನೀವು ಹೆಣ್ಣಿನ ಕಡಿಯೋರೋ, ಗಂಡಿನ ಕಡಿಯೋರೋ?"

"ನಾ ಊಟದ ಕಡಿಯಂವ್ರೀ."

ಪಾಪ ಅನ್ನಿಸಿತು. ನಿಜ ಹೇಳಿಬಿಟ್ಟೆ: ಸಾವುಕಾರರಿಗೆ ಎಲ್ಲ ಗೊತ್ತಾಗಿದೆ, ಚಿಕ್ಕ ಮಗಳ ಮದುವೆಗೂ ಇದೇ ಲೆನ್ಸ್ ಬರುತ್ತದೆ, ಇದು ಮುಂದಿನವರನ್ನು ಮಸುಕು ಮಾಡಿ ಹಿಂದಿನವರನ್ನೇ ಹಿಡಿಯುತ್ತದೆ, ಆ ಕಡೆ ತಲೆ ಹಾಕಬೇಡಿ.

ಅವರು ಮೀಸೆ ತೀಡಿಕೊಂಡರು.

"ಹಂಗಾರ ಈ ಸಲ ಮದುಮಗನ ಮುಂದ ನಿಂದರ್ತೀನಿ ಬಿಡ್ರಿ."