ಸಾಹೇಬರಿಗೆ ಕಳಿಸುವ ಹೆಬ್ಬೆರಳು

ಮೊಬೈಲಿಗೆ ಹೊಸ ಆ್ಯಪ್ ಹಾಕಿಕೊಂಡವನಿಗೆ, ಅದು ತನಗಿಂತ ಜಾಣ ಎಂದು ನಂಬಲು ಬಹಳ ಹೊತ್ತು ಬೇಕಾಗುವುದಿಲ್ಲ. ನನಗಂತೂ ಅರ್ಧ ದಿನ ಸಾಕಾಯಿತು. ಸಿಂಧನೂರಿನಲ್ಲಿ ನಾನು ಪ್ಲಾಸ್ಟಿಕ್ ಸರ್ಜನ್. ಹಾಗೆಂದ ಕೂಡಲೇ ದೂರದ ನೆಂಟರು, ನಾನು ದಿನವಿಡೀ ಸಿನಿಮಾದವರ ಮೂಗು ತಿದ್ದುತ್ತಿರುತ್ತೇನೆ ಎಂದುಕೊಂಡು ಮರ್ಯಾದೆ ಕೊಡುತ್ತಾರೆ. ಅವರನ್ನು ತಿದ್ದಲು ನಾನೂ ಹೋಗಿಲ್ಲ. ನಿಜವಾಗಿ ನನ್ನ ಪಾಲಿಗೆ ಬರುವುದು ಬೈಕಿನಿಂದ ಬಿದ್ದ ಮೊಣಕಾಲು, ಒಲೆಯ ಮುಂದೆ ಸುಟ್ಟ ಕೈ, ಭತ್ತದ ಯಂತ್ರಕ್ಕೆ ಸಿಕ್ಕ ಬೆರಳು. ಮೂಗು ಚಂದ ಮಾಡಿಸಿಕೊಳ್ಳಲು ಇಷ್ಟು ವರ್ಷದಲ್ಲಿ ಬಂದವರು ಒಬ್ಬರೇ. ನೋವಾಗುತ್ತದೆ ಎಂದು ತಿಳಿದು ಅವರೂ ಇದ್ದ ಮೂಗೇ ವಾಸಿ ಎಂದು ಎದ್ದುಹೋದರು.

ಮಸ್ಕಿ, ಲಿಂಗಸುಗೂರುಗಳಿಗೆ ವಾರಕ್ಕೊಮ್ಮೆ ಓಡಾಡುವ ನನಗೆ ಈ ಆ್ಯಪ್ ದೇವರು ಕೊಟ್ಟ ವರ ಎನಿಸಿತು. ರೋಗಿ ಮನೆಯಲ್ಲೇ ಕೂತು ಗಾಯದ ಫೋಟೋ ಕಳಿಸಬೇಕು. ಆ್ಯಪ್ ಚರ್ಮದ ಬಣ್ಣ ಅಳೆದು ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು ಗುರುತು ತೋರಿಸುತ್ತದೆ. ಡಾಕ್ಟರು ಹಸಿರು ನೋಡಿ ಚಹಾ ಕುಡಿಯಬೇಕು, ಅಷ್ಟೇ ಕೆಲಸ. ಮೊದಲ ಪುಟಕ್ಕೆ ಡಾಕ್ಟರ ಫೋಟೋ ಬೇಕಂತೆ, ಅದನ್ನೂ ಹಾಕಿದೆ. ನನಗಿಂತ ಹೆಚ್ಚು ಗಾಯ ಕಂಡಿರುವ ನಮ್ಮ ನರ್ಸ್ ಬಸಮ್ಮನವರು ಮಾತ್ರ ಮೂಗು ಮುರಿದರು. “ಸರ್ರ, ಗಾಯಾನ ಬರೇ ಕಣ್ಣಿಂದ ಅಲ್ಲ, ಮೂಗಿಂದನೂ ನೋಡಬೇಕ್ರಿ. ಇದಕ್ಕ ಮೂಗು ಎಲ್ಲೈತ್ರಿ?” ಮೂಗು ಕಟ್ಟಿಕೊಡುವ ಡಾಕ್ಟರಿಗೇ ಮೂಗಿನ ಪಾಠ! ದೊಡ್ಡ ಮನಸ್ಸು ಮಾಡಿ ನಕ್ಕುಬಿಟ್ಟೆ.

ಗುರುಗುಂಟಾದ ಹುಸೇನಸಾಬರು ದರ್ಜಿ. ಎಮ್ಮೆಗೆ ಮೇವು ಕತ್ತರಿಸುವಾಗ ಯಂತ್ರ ಅವರ ಬಲಗೈ ಹೆಬ್ಬೆರಳಿನ ತುದಿಯನ್ನು ಕಿತ್ತುಕೊಂಡಿತ್ತು. ಪಕ್ಕದ ಚರ್ಮ ಸರಿಸಿ ಹೊದಿಸಿದೆ. “ಸಾಹೇಬ್ರ, ಕತ್ರಿ ಹಿಡಿಯಾಕ ಬರ್ತೈತಿಲ್ರೀ? ನನಗ ಬ್ಯಾರೆ ಕೆಲಸ ಬರಂಗಿಲ್ರಿ,” ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಆ ಚರ್ಮ ಬದುಕಿದರೆ ಕತ್ತರಿ ಉಂಟು, ಸತ್ತರೆ ಇಲ್ಲ. ಅಷ್ಟು ದೂರದಿಂದ ಬಸ್ಸು ಬದಲಿಸಿಕೊಂಡು ಯಾಕೆ ಬರುತ್ತೀರಿ ಎಂದು, ಅವರ ಹೆಂಡತಿ ಮಹಬೂಬಿಗೆ ಬ್ಯಾಂಡೇಜು ಬಿಚ್ಚಿ ಕಟ್ಟುವುದನ್ನು ಕಲಿಸಿ, ಆಕೆಯ ಮೊಬೈಲಿಗೆ ಆ್ಯಪ್ ಹಾಕಿಸಿ ಊರಿಗೆ ಕಳಿಸಿದೆ.

ಫೋಟೋಗಳು ಬಂದವು. ಅಂಥ ಹೆಬ್ಬೆರಳನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಇಸ್ತ್ರಿ ಮಾಡಿದ ಬಿಳಿ ಟವೆಲಿನ ಮೇಲೆ ಒರಗಿಕೊಂಡ, ಗುಲಾಬಿ ಬಣ್ಣದ, ನುಣ್ಣನೆಯ ಬೆರಳು. ದಿನ ಕಳೆದಂತೆ ಹೊಲಿಗೆಯೇ ಕಾಣದಾಯಿತು. ಆ್ಯಪ್ ಹಸಿರು ಬಿಟ್ಟು ಕದಲಲಿಲ್ಲ. ಬಿಚ್ಚದ ಹೊಲಿಗೆ ಮಾಯವಾಗುವುದು ಹೇಗೆ ಎಂದು ಕೇಳಿಕೊಳ್ಳುವಷ್ಟು ಓದು ನನಗಿತ್ತು, ಪುರುಸೊತ್ತು ಇರಲಿಲ್ಲ. ಲಿಂಗಸುಗೂರಿನಲ್ಲಿ ಊಟಕ್ಕೆ ಕೂತ ಡಾಕ್ಟರರಿಗೆಲ್ಲ ಆ ಬೆರಳು ತೋರಿಸುವ ಗಡಿಬಿಡಿಯಲ್ಲಿದ್ದೆ. ಹೋಳಿಗೆ ಬಾಯಿಗಿಡುತ್ತಿದ್ದ ಒಬ್ಬರು ಮುಖ ತಿರುಗಿಸಿದ್ದನ್ನು ಹೊಟ್ಟೆಕಿಚ್ಚು ಎಂದುಕೊಂಡೆ.

ಐದನೆಯ ದಿನ ಬಸಮ್ಮನವರು ಗುಳಿಗೆಯ ವಿಚಾರಕ್ಕೆ ಮಹಬೂಬಿಗೆ ಫೋನ್ ಮಾಡಿ, ಕೊನೆಗೆ ತಮ್ಮ ಹಳೆಯ ಪ್ರಶ್ನೆ ಹಾಕಿದರು. “ವಾಸನಿ ಏನರ ಬರಾಕತ್ತೈತೇನವಾ?” ಆ ಕಡೆಯ ಉತ್ತರ ಕೇಳಿದ್ದೇ, “ಈಗಿಂದೀಗ ಬಸ್ ಹತ್ರಿ,” ಎಂದರು. ನನ್ನನ್ನು ಕೇಳಲೂ ಇಲ್ಲ.

ಸಂಜೆ ಗಂಡ ಹೆಂಡತಿ ಬಂದರು. ಬ್ಯಾಂಡೇಜು ಬಿಚ್ಚಿದರೆ ಬೆರಳಿನ ಅಂಚು ಕಪ್ಪಗಾಗಿ ಕೀವು ಕಟ್ಟಿತ್ತು. ಹುಸೇನಸಾಬರ ಮುಖ ನೋಡಲು ಹೆದರಿಕೆಯಾಯಿತು. ಹೆದರಿದ ಡಾಕ್ಟರು ಮಾಡುವುದನ್ನೇ ನಾನೂ ಮಾಡಿದೆ, ಜೋರು ಮಾಡಿದೆ. “ಹಂಗಾದ್ರ ಆ ಫೋಟೋದಾಗಿನ ಬೆರಳು ಯಾರ್ದು?”

“ಇವ್ರದ ರೀ,” ಎಂದಳು ಮಹಬೂಬಿ. “ಇದ್ದಂಗ ತೆಗದ್ರ ಭಾಳ ಹೊಲಸ ಕಾಣ್ತಿತ್ರಿ. ದೊಡ್ಡವ್ರಿಗೆ ಕಳಸೂದು, ಹಂಗ ಹ್ಯಾಂಗ ಕಳಸೂದ್ರಿ? ಮಗಳ ನಿಶ್ಚಯಕ್ಕಂತ ಫೋಟೋ ಚಂದ ಮಾಡೂ ಆ್ಯಪ್ ಹಾಕ್ಕೊಂಡಿದ್ವಿ. ಅದರಾಗ ತೆಗದು ಕಳಸೀನ್ರಿ.”

ನಮ್ಮ ಕಡೆ ಡಾಕ್ಟರ ಹತ್ತಿರ ಬರುವವರು ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟೇ ಬರುತ್ತಾರೆ. ಬೆರಳೂ ಹಾಗೆಯೇ ಬಂದಿತ್ತು, ಅಷ್ಟೇ.

ಸತ್ತ ಅಂಚನ್ನು ತೆಗೆದು, ಹುಸೇನಸಾಬರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಬೆಳಿಗ್ಗೆ ಸಂಜೆ ನನ್ನ ಕಣ್ಣಿಂದಲೂ ಬಸಮ್ಮನವರ ಮೂಗಿಂದಲೂ ಗಾಯ ನೋಡಿದೆವು. ಬೆರಳು ಜೋಳದ ಕಾಳಿನಷ್ಟು ಗಿಡ್ಡವಾಯಿತು, ಆದರೆ ಉಳಿಯಿತು. ತಿಂಗಳು ದಾಟಿದ ಮೇಲೆ ತೋರಿಸಲು ಬಂದಾಗ ಕೈಗೆ ಕತ್ತರಿ ಕೊಟ್ಟೆ. ಹಳೆಯ ಬ್ಯಾಂಡೇಜು ಬಟ್ಟೆಯನ್ನು ಗೆರೆ ಎಳೆದಂತೆ ಕತ್ತರಿಸಿದರು. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿತು.

ಕಣ್ಣು ತುಂಬಿದ ಮೇಲೆ ಉಪದೇಶ ತಾನಾಗಿಯೇ ಬರುತ್ತದೆ. ಫೋಟೋ ಚಂದ ಮಾಡುವ ಚಾಳಿ ಒಳ್ಳೆಯದಲ್ಲ, ಇದ್ದದ್ದನ್ನು ಇದ್ದಂತೆಯೇ ತೋರಿಸಬೇಕು ಎಂದು ಮಹಬೂಬಿಗೆ ವಿವರವಾಗಿ ಹೇಳಿದೆ. ಆಕೆ ಎಲ್ಲಕ್ಕೂ ತಲೆಯಾಡಿಸಿ, ಸಂಕೋಚದಿಂದ ಮೊಬೈಲು ಮುಂದೆ ಹಿಡಿದಳು. ಆ್ಯಪಿನ ಮೊದಲ ಪುಟದಲ್ಲಿ ನಾನಿದ್ದೆ, ತಲೆತುಂಬ ಕಪ್ಪು ಕೂದಲು, ಗುಲಾಬಿ ಕೆನ್ನೆ.

“ಇವ್ರು ನಿಮ್ಮ ಮಗಾ ಏನ್ರಿ, ಸಾಹೇಬ್ರ? ಇವ್ರಿಗೂ ಒಮ್ಮಿ ಬೆರಳ ತೋರಿಸಿ ಹೋಗೂನಂತ ಬಂದೀವ್ರಿ.”

ಬಸಮ್ಮನವರು ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಅಲುಗುತ್ತಿತ್ತು.

“ಹೌದವಾ,” ಎಂದೆ. “ಇವತ್ತ ಮಸ್ಕಿಗೆ ಹೋಗ್ಯಾನ.”